ನಾಯಿಯ ಅತಿ ಬಾಯಾರಿಕೆ: ಕಡೆಗಣಿಸಬಾರದ ಮುನ್ಸೂಚನೆ



ಸಾಕುನಾಯಿಯ ನೀರಿನ ಬಟ್ಟಲು ಮೊದಲಿಗಿಂತ ಬೇಗನೆ ಬರಿದಾಗತೊಡಗಿದರೆ, ಬಿಸಿಲಿನ ಧಗೆಯೇ ಕಾರಣವೆಂದು ಸುಮ್ಮನಾಗುವವರೇ ಹೆಚ್ಚು. ಅದೇ ನಾಯಿ ರಾತ್ರಿ ವೇಳೆ ಮನೆಯೊಳಗೆ ಮೂತ್ರ ಮಾಡಿದರೆ ಅದಕ್ಕೆ ಪೆಟ್ಟು ಬೀಳುತ್ತದೆ. ಕೆಲವೆಡೆ ಸಂಜೆಯ ನಂತರ ನೀರನ್ನೇ ಇಡುವುದಿಲ್ಲ. ಇವೆರಡೂ ತಪ್ಪು. ನೀರು ತಡೆದರೆ ರೋಗಗ್ರಸ್ತ ನಾಯಿಯ ಪ್ರಾಣಕ್ಕೇ ಅಪಾಯ ಒದಗಬಹುದು.

ಆರೋಗ್ಯವಂತ ನಾಯಿಯೊಂದು ತನ್ನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಕುಡಿಯುತ್ತದೆ. ಈ ಪ್ರಮಾಣ 100 ಮಿಲಿಲೀಟರ್ ದಾಟಿದರೆ ಅದು ಅತಿ ಬಾಯಾರಿಕೆ. ಅಂದರೆ, 10 ಕಿಲೋ ತೂಕದ ನಾಯಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ತಪಾಸಣೆ ಅವಶ್ಯ. ಸೆಕೆ, ಓಟ, ಒಣ ಆಹಾರ, ಮರಿಗಳಿಗೆ ಹಾಲೂಡುವ ಅವಧಿ ಇವುಗಳಿಂದಲೂ ಬಾಯಾರಿಕೆ ಹೆಚ್ಚುವುದು ಸಹಜ. ಆದುದರಿಂದ ಬೆಳಗ್ಗೆ ಅಳೆದು ನೀರಿಟ್ಟು, ಮರುದಿನ ಉಳಿದುದನ್ನು ಕಳೆದು, ಎರಡು ಮೂರು ದಿನಗಳ ಲೆಕ್ಕವನ್ನು ಬರೆದಿಡುವುದು ಉತ್ತಮ. ಬಚ್ಚಲಿನ ಬಕೆಟ್ಟಿನ ನೀರನ್ನು ನಾಯಿ ಕುಡಿಯದಂತೆ ನೋಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಬಹಳಷ್ಟು ಸಂದರ್ಭಗಳಲ್ಲಿ ಮೊದಲು ಮೂತ್ರ ಹೆಚ್ಚುತ್ತದೆ. ಬಾಯಾರಿಕೆ ಅದನ್ನು ಹಿಂಬಾಲಿಸುತ್ತದೆ. ಮೂತ್ರಪಿಂಡಗಳು ದುರ್ಬಲವಾದಾಗ ದೇಹದ ನೀರನ್ನು ಹಿಡಿದಿಡುವ ಶಕ್ತಿ ಕುಂದುತ್ತದೆ. ವಯಸ್ಸಾದ ನಾಯಿಗಳಲ್ಲಿ ಇದು ಸಾಮಾನ್ಯ. ಮಧುಮೇಹದಲ್ಲಾದರೋ ಮೂತ್ರದೊಡನೆ ಹೊರಹೋಗುವ ಸಕ್ಕರೆಯು ನೀರನ್ನೂ ಸೆಳೆದೊಯ್ಯುತ್ತದೆ. ನಾಯಿ ಚೆನ್ನಾಗಿ ತಿಂದರೂ ಕೃಶವಾಗುತ್ತದೆ. ಕಣ್ಣಿನಲ್ಲಿ ಪೊರೆ ಬರುವುದೂ ಉಂಟು.

ಈ ರೋಗದ ಅರಿವಿಗೆ ಮನುಕುಲವು ನಾಯಿಗೇ ಋಣಿಯಾಗಿದೆ. 1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕಾಂಗವನ್ನು ತೆಗೆದಾಗ ಅದಕ್ಕೆ ಮಧುಮೇಹ ತಗುಲಿತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ಸುಲಿನ್ ಲಭ್ಯವಾಯಿತು. ಇಂದು ಅದೇ ಇನ್ಸುಲಿನ್ ಮಧುಮೇಹಿ ನಾಯಿಗಳನ್ನೂ ಕಾಪಾಡುತ್ತಿದೆ.

ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಹೆಣ್ಣುನಾಯಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೆದೆ ಮುಗಿದ ಕೆಲವು ವಾರಗಳ ನಂತರ ಬಾಯಾರಿಕೆ ಹೆಚ್ಚಿ, ಮೇವು ಬಿಟ್ಟು, ಮಂಕಾಗಿ ಮಲಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಸ್ರಾವ ಕಾಣದಿದ್ದರೂ ಈ ರೋಗವಿರುವುದು ಸಾಧ್ಯ. ಇಲ್ಲಿ ಒಂದು ದಿನದ ವಿಳಂಬವೂ ಮಾರಕವಾಗಬಲ್ಲದು.

ಹೊಟ್ಟೆ ಜೋತು, ಕೂದಲುದುರಿ, ಹಸಿವೂ ಮಿತಿಮೀರಿದ್ದರೆ ಅಡ್ರಿನಲ್ ಗ್ರಂಥಿಯ ದೋಷವನ್ನು ಶಂಕಿಸಬೇಕು. ಸ್ಟೆರಾಯ್ಡ್ ಔಷಧಗಳಿಂದಲೂ ಬಾಯಾರಿಕೆ ಹೆಚ್ಚುತ್ತದೆ. ಆದರೆ ವೈದ್ಯರ ಸಲಹೆಯಿಲ್ಲದೆ ಅವನ್ನು ಹಠಾತ್ತನೆ ನಿಲ್ಲಿಸಕೂಡದು.

ಮುಂಬಯಿ, ಚೆನ್ನೈಯಂತಹ ನಗರಗಳಲ್ಲಿ ಮಳೆಗಾಲದ ನಿಂತ ನೀರಿನಿಂದ ಇಲಿಜ್ವರ ಹರಡುತ್ತದೆ. ಅದು ನಾಯಿಯ ಮೂತ್ರಪಿಂಡ ಹಾಗೂ ಯಕೃತ್ತನ್ನು ಕೆಡಿಸುವುದಲ್ಲದೆ, ಮೂತ್ರದ ಮೂಲಕ ಮನೆಮಂದಿಗೂ ತಗುಲಬಲ್ಲದು. ಶಂಕೆಯಿದ್ದಾಗ ನಾಯಿಯ ಮೂತ್ರವನ್ನು ಬರಿಗೈಯಿಂದ ಮುಟ್ಟಬಾರದು. ಇದಕ್ಕೆ ಪ್ರತಿವರ್ಷ ಹಾಕಿಸುವ ಲಸಿಕೆಯಿದೆ.

ಪಶುವೈದ್ಯರ ಬಳಿಗೆ ಹೋಗುವಾಗ ನೀರಿನ ಲೆಕ್ಕವನ್ನೂ, ಸಾಧ್ಯವಾದರೆ ಶುಚಿಯಾದ ಸೀಸೆಯಲ್ಲಿ ಬೆಳಗಿನ ಮೂತ್ರವನ್ನೂ ಒಯ್ಯಬೇಕು. ಮೂತ್ರ ಮತ್ತು ರಕ್ತದ ಪರೀಕ್ಷೆಗಳಿಂದ ಬಹುತೇಕ ಕಾರಣಗಳ ಸುಳಿವು ದೊರೆಯುತ್ತದೆ. ವಾಂತಿ, ನಿಶ್ಶಕ್ತಿ ಇದ್ದರೆ ಲೆಕ್ಕಕ್ಕಾಗಿ ಕಾಯದೆ ಕೂಡಲೇ ಕರೆದೊಯ್ಯಬೇಕು.

ಮೂಕಪ್ರಾಣಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಬರಿದಾದ ಬಟ್ಟಲೇ ಅದರ ಅಹವಾಲು. ಅದನ್ನು ಸಕಾಲದಲ್ಲಿ ಅರಿಯುವುದು ಸಾಕಿದವರ ಕರ್ತವ್ಯ.