ಪ್ರಾಜೆಕ್ಟಿಗೆ ಅಂಕ ಹಾಕುವ ಮೊದಲು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಿಂದ ಬಂದಿರುವ ಮಾಸ್ತರರೇ, ಅಕ್ಕೋರೇ, ಗ್ರಂಥಪಾಲಕ ಮಿತ್ರರೇ,

ಶಾಲಾ ಗ್ರಂಥಾಲಯದ ಮಾತು ಬಂದ ಕೂಡಲೇ ಕಪಾಟು, ಪುಸ್ತಕ, ಅನುದಾನದ ಲೆಕ್ಕ ಶುರುವಾಗುತ್ತದೆ. ಅದೂ ಬೇಕು. ಆದರೆ ನನ್ನ ತಕರಾರು ಬೇರೆ. ಕಪಾಟಿನ ಕೀಲಿಕೈಗೆ ಒಬ್ಬ ಉಸ್ತುವಾರಿ ಇರುತ್ತಾರೆ. ಮಾಹಿತಿ ಹುಡುಕುವುದನ್ನು ಪಾಠವಾಗಿ ಕಲಿಸುವವರು ಇರುವುದಿಲ್ಲ.

ಜೋಯಿಡಾದ ಒಂದು ಹೈಸ್ಕೂಲಿನಲ್ಲಿ ‘ನಮ್ಮೂರ ಬೆಳೆಗಳು’ ಎಂದು ಪ್ರಾಜೆಕ್ಟ್ ಕೊಟ್ಟಿದ್ದೀರಿ ಎನ್ನಿ. ಕುಣಬಿ ಮನೆಯ ಹುಡುಗಿಯೊಬ್ಬಳು ನೆಟ್‌ವರ್ಕ್ ಸಿಗುವ ದಿಣ್ಣೆ ಹತ್ತಿ, ಮೊಬೈಲಿನಲ್ಲಿ ಮೊದಲು ಕಂಡದ್ದನ್ನೇ ಬರೆದುಕೊಂಡು, ಸ್ಕೆಚ್ ಪೆನ್ನಿನಲ್ಲಿ ಅಂಚು ಹಾಕಿ ತರುತ್ತಾಳೆ. ಅದರಲ್ಲಿ ಗೋಧಿ ಇದೆ, ಹತ್ತಿ ಇದೆ. ಹಿತ್ತಲಲ್ಲಿ ಅಜ್ಜಿ ಬೆಳೆದ ಮುಡ್ಲಿ ಗೆಡ್ಡೆ ಇಲ್ಲ. ಗೆಡ್ಡೆ-ಗೆಣಸಿನ ಮೇಳವೇ ನಡೆಯುವ ತಾಲ್ಲೂಕು ಅದು! ಅಕ್ಷರ ದುಂಡಗಿದೆ ಎಂದು ನಾವು ಹತ್ತಕ್ಕೆ ಒಂಬತ್ತು ಕೊಡುತ್ತೇವೆ. ಅಜ್ಜಿಯ ಮಾತೂ ಮಾಹಿತಿಯೇ, ಕೊಂಕಣಿಯಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯಬಹುದು, ಪುಸ್ತಕದೊಡನೆ ತಾಳೆ ನೋಡಬಹುದು ಎಂದು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲ.

ಕೆಲವು ಹೊರದೇಶಗಳಲ್ಲಿ ಹೀಗೆ ಹೇಳಿಕೊಡುವುದೇ ಒಂದು ವೃತ್ತಿ. ಆಸ್ಟ್ರೇಲಿಯಾದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯ ಶಿಕ್ಷಕ-ಗ್ರಂಥಪಾಲಕರಿಗೆಂದೇ ಸ್ನಾತಕೋತ್ತರ ಶಿಕ್ಷಣ ಕೊಡುತ್ತದೆ. ಅಮೆರಿಕದ ಕ್ಯಾರಲ್ ಕುಲ್ತಾವ್ ಶಾಲೆಯ ಗ್ರಂಥಪಾಲಕಿಯಾಗಿದ್ದು ಆಮೇಲೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು. ಹುಡುಕಾಟದ ನಡುವೆ ಮಕ್ಕಳಿಗೆ ಗೊಂದಲ, ಅಳುಕು ಆಗುವುದು ಸಹಜ, ಅದು ದಡ್ಡತನವಲ್ಲ ಎಂದು ಮಕ್ಕಳನ್ನೇ ಗಮನಿಸಿ ತೋರಿಸಿದರು. ಆ ಗೊಂದಲದ ಹೊತ್ತಿನಲ್ಲೇ ಪಕ್ಕದಲ್ಲಿ ಒಬ್ಬ ಶಿಕ್ಷಕರು ಬೇಕು.

ನಮ್ಮ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಬೇಸರ ಬಂದು ಮರಳಿ ತರಗತಿಗೆ ಹೋಗಲು ಹವಣಿಸಿದ್ದರು. ಲಂಡನ್ನಿನಲ್ಲಿ ಕಲಿತು ಬಂದ ಮೇಲೆ ಮನಸ್ಸು ತಿರುಗಿತು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಗ್ರಂಥ ಬಂತು, 1962ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರದ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಹುಟ್ಟಿತು. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ್ದು ಒಬ್ಬ ಮೇಷ್ಟ್ರು ಎಂಬುದನ್ನು ನಮ್ಮ ಶಿಕ್ಷಣ ಇಲಾಖೆ ಮರೆತಂತಿದೆ.

ಮುಂಡಗೋಡದವರಿಗೆ ನಾನು ಹೇಳುತ್ತಿರುವುದು ಹೊಸದೇನಲ್ಲ. 1966ರಿಂದ ಇರುವ ಟಿಬೆಟನ್ ಕ್ಯಾಂಪಿನ ಮಠಗಳಲ್ಲಿ ಎಳೆಯ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದಕ್ಕಿಳಿಯುವುದನ್ನು ಕಂಡಿದ್ದೀರಿ. ಆಡಿದ ಮಾತಿಗೆ ಆಧಾರ ಕೊಡದೆ ಅಲ್ಲಿ ಬಿಡುಗಡೆಯಿಲ್ಲ. ನಮ್ಮ ಎಂಟನೇ ಇಯತ್ತೆಯಲ್ಲಿ ‘ಆಧಾರ ಏನು’ ಎಂಬ ಪ್ರಶ್ನೆ ಯಾಕೆ ಕೇಳಿಸುವುದಿಲ್ಲ?

ಇದನ್ನು ಕಲಿಸಲು ಆಸರೆ ಹತ್ತಿರದಲ್ಲೇ ಇದೆ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆಯ ಮಾಸ್ತರರೂ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕರೂ ತಿಂಗಳಿಗೊಮ್ಮೆ ಕೂತು ಮಾತಾಡಿದರೆ ಅರ್ಧ ಕೆಲಸ ಆದಂತೆಯೇ.

ಶಿಕ್ಷಕ-ಗ್ರಂಥಪಾಲಕ ಹುದ್ದೆಯ ಬೇಡಿಕೆಯನ್ನು ಇಂದಿನ ಠರಾವಿನಲ್ಲಿ ಬರೆಯೋಣ, ಆದರೆ ಹುದ್ದೆ ಬರಲೆಂದು ಕಾಯುವುದು ಬೇಡ. ಬರುವ ಸೋಮವಾರದಿಂದ ಪ್ರತಿ ಪ್ರಾಜೆಕ್ಟಿನ ಕೊನೆಯಲ್ಲಿ ಮೂರು ಸಾಲು ಬರೆಸಿ: ಇದು ಎಲ್ಲಿ ಸಿಕ್ಕಿತು, ಯಾರನ್ನು ಕೇಳಿದೆ, ಯಾಕೆ ನಂಬಿದೆ. ಆ ಮೂರು ಸಾಲಿಗೂ ಅಂಕ ಇಡಿ.