ಬೀಜಗಳು ಬಂದು ಸೇರಿದ ಊರು



ವ್ಲಾಡಿವೊಸ್ಟಾಕ್‌ನಲ್ಲಿ ರೈಲು ಹತ್ತಿ, ಸೈಬೀರಿಯ ದಾಟಿ, ಏಷ್ಯಾದಿಂದ ಯೂರೋಪಿಗೆ ಬಂದು ಮಾಸ್ಕೋದಲ್ಲಿ ಇಳಿಯುವ ಹೊತ್ತಿಗೆ ಪ್ರವಾಸಿ ಸುಮಾರು 9,290 ಕಿಲೋಮೀಟರ್ ಸವೆಸಿರುತ್ತಾನೆ. ಹಲವರಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಪಕ್ಕದ ನಿಲ್ದಾಣದಿಂದ ಇನ್ನೂ 650 ಕಿಲೋಮೀಟರ್ ಸಾಗಿ ಸೇಂಟ್ ಪೀಟರ್ಸ್‌ಬರ್ಗ್ ಸೇರುತ್ತಾರೆ. ಈ ದಾರಿಯಲ್ಲಿ ಸಿಗುವ ತ್ವೇರ್ ನಮಗೆ ಪೂರ್ತಿ ಅಪರಿಚಿತವಲ್ಲ. 15ನೇ ಶತಮಾನದಲ್ಲಿ ಬೀದರಿಗೆ ಬಂದಿದ್ದ ವ್ಯಾಪಾರಿ ಅಫನಾಸಿ ನಿಕಿತಿನ್ ಆ ಊರಿನವನು.

ಪೀಟರ್ ದೊರೆ 1703ರಲ್ಲಿ ನೀವಾ ನದಿಯ ಜೌಗು ನೆಲದ ಮೇಲೆ ಕಟ್ಟಿಸಿದ ಈ ನಗರ 1914ರಲ್ಲಿ ಪೆಟ್ರೋಗ್ರಾಡ್ ಆಯಿತು, 1924ರಲ್ಲಿ ಲೆನಿನ್‌ಗ್ರಾಡ್ ಆಯಿತು, 1991ರಲ್ಲಿ ಹಳೆಯ ಹೆಸರಿಗೇ ಮರಳಿತು. ಮಾಸ್ಕೋದಲ್ಲಿ ಇಲ್ಲಿಗೆ ರೈಲು ಹತ್ತುವ ನಿಲ್ದಾಣ ಮಾತ್ರ ಇನ್ನೂ ಲೆನಿನ್‌ಗ್ರಾಡ್ ಹೆಸರಿನಲ್ಲೇ ಇದೆ!

ಹರ್ಮಿಟೇಜ್ ವಸ್ತುಸಂಗ್ರಹಾಲಯ, ನೆವ್‌ಸ್ಕಿ ಬೀದಿ, ಜೂನ್ ತಿಂಗಳ ಕತ್ತಲಾಗದ ರಾತ್ರಿಗಳು, ಇವನ್ನೆಲ್ಲ ಯಾವ ಮಾರ್ಗದರ್ಶಿಯಾದರೂ ತೋರಿಸುತ್ತಾನೆ. ನಾನು ಹೇಳಬೇಕೆಂದಿರುವುದು ಸೇಂಟ್ ಐಸಾಕ್ ಚೌಕದ ಬಗ್ಗೆ. ಅಲ್ಲಿ ಎಲ್ಲರೂ ಇಗರ್ಜಿಯ ಚಿನ್ನದ ಗುಮ್ಮಟದ ಚಿತ್ರ ತೆಗೆಯುತ್ತಾರೆ. ಅದೇ ಚೌಕದ ಕಟ್ಟಡಗಳಲ್ಲಿ ನಿಕೊಲಾಯ್ ವಾವಿಲೋವ್ ಎಂಬ ಸಸ್ಯವಿಜ್ಞಾನಿಯ ಸಂಸ್ಥೆ ಇತ್ತು. ಕಾಡು ತಳಿಗಳಲ್ಲಿ, ಹಳ್ಳಿಗರ ನಾಟಿ ತಳಿಗಳಲ್ಲಿ ರೋಗ ತಡೆಯುವ, ಬರ ತಾಳುವ ಗುಣ ಅಡಗಿದೆ, ಅವು ನಾಶವಾದರೆ ಮತ್ತೆ ಸಿಗುವುದಿಲ್ಲ ಎಂಬುದು ಅವರ ವಾದ. ಅದಕ್ಕಾಗಿ ಅವರೂ ಸಂಗಡಿಗರೂ ಐದು ಖಂಡ ಸುತ್ತಿ ಗೋಧಿ, ಬಾರ್ಲಿ, ಆಲೂಗಡ್ಡೆ, ಕಾಳುಗಳನ್ನು ತಂದರು. ಖಂಡ ದಾಟಿ ಈ ಊರು ಸೇರಿದವರಲ್ಲಿ ಬೀಜಗಳೂ ಇದ್ದವು ಎನ್ನೋಣ.

1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೇನೆ ನಗರದ ನೆಲಮಾರ್ಗಗಳನ್ನು ಮುಚ್ಚಿತು. ಮುತ್ತಿಗೆ 872 ದಿನ ನಡೆಯಿತು. ಮೊದಲ ಚಳಿಗಾಲದಲ್ಲಿ ಮಕ್ಕಳಿಗೆ, ಕಚೇರಿ ನೌಕರರಿಗೆ ದಿನಕ್ಕೆ 125 ಗ್ರಾಂ ಬ್ರೆಡ್, ಅದೂ ಕಲಬೆರಕೆಯದು. ಸತ್ತವರ ಅಂಕಿಸಂಖ್ಯೆ ಒಬ್ಬೊಬ್ಬರದು ಒಂದೊಂದು. ಆದರೆ ಆರು ಲಕ್ಷಕ್ಕಿಂತ ಕಡಿಮೆ ಹೇಳುವವರು ಅಪರೂಪ.

ಸಂಸ್ಥೆಯ ನೌಕರರು ಆ ಕೊರೆಯುವ ಚಳಿಯಲ್ಲಿ, ಇಲಿಗಳ ಕಾಟದಲ್ಲಿ ಸರದಿಯ ಮೇಲೆ ಬೀಜ ಕಾದರು. ಹಲವರು ಹಸಿವಿನಿಂದ ಸತ್ತರು. ಅವರಲ್ಲೊಬ್ಬರು ಭತ್ತದ ತಜ್ಞ ದಿಮಿತ್ರಿ ಇವಾನೋವ್. ಅವರು ಕಾದ ಭತ್ತದ ಪೊಟ್ಟಣಗಳು ಹಾಗೇ ಉಳಿದವು.

ವಾವಿಲೋವ್ ಆಗ ಅಲ್ಲಿರಲಿಲ್ಲ. ಸರಕಾರದ ಮೆಚ್ಚಿನ ಲೈಸೆಂಕೋ ವಾದವನ್ನು ವಿರೋಧಿಸಿದ್ದ ಅವರನ್ನು 1940ರಲ್ಲೇ ಬಂಧಿಸಿದ್ದರು. ಜನರ ಹಸಿವು ನೀಗಲು ಬೀಜ ಕೂಡಿಟ್ಟ ಮನುಷ್ಯ 1943ರ ಜನವರಿಯಲ್ಲಿ ಸರಾತೋವ್ ಜೈಲಿನಲ್ಲಿ ಹೊಟ್ಟೆಗಿಲ್ಲದೆ ತೀರಿಕೊಂಡರು.

ಇದು ಸರಿಯೇ ಎಂದು ನೀವು ಕೇಳಬಹುದು. ಸುತ್ತ ಜನ ಸಾಯುತ್ತಿರುವಾಗ ಧಾನ್ಯಕ್ಕೆ ಬೀಗ ಹಾಕುವುದೇ? ಇದ್ದ ಬೀಜ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜನರಿಗೆ ಒಂದು ದಿನಕ್ಕೂ ಸಾಲುತ್ತಿರಲಿಲ್ಲ ಎಂಬುದು ನಿಜ. ಆದರೆ ಕಾವಲಿದ್ದವರ ಜೀವ ಉಳಿಸಲು ಸಾಕಾಗುತ್ತಿತ್ತು ಎಂಬುದೂ ನಿಜ. ನಮ್ಮ ರೈತರ ಮನೆಗಳಲ್ಲಿ ಬರಗಾಲದಲ್ಲೂ ಬಿತ್ತನೆಯ ಕಾಳು ಮುಟ್ಟಬಾರದು ಎನ್ನುವ ಹಿರಿಯರಿಗೆ ಇವಾನೋವ್ ಅರ್ಥವಾದಾರು. ನನಗಂತೂ ಅವರನ್ನು ಬರೀ ವೀರರೆಂದು ಹೊಗಳಿ ಕೈತೊಳೆದುಕೊಳ್ಳಲು ಮನಸ್ಸಾಗುವುದಿಲ್ಲ.

ಸಮಯವಿದ್ದರೆ ಪಿಸ್ಕರ್ಯೋವ್‌ಸ್ಕೊಯೆ ಸ್ಮಶಾನಕ್ಕೂ ಹೋಗಬೇಕು. ಅಲ್ಲಿ ಸುಮಾರು 4,20,000 ನಾಗರಿಕರನ್ನು ಸಾಮೂಹಿಕವಾಗಿ ಹೂಳಲಾಗಿದೆ. ಆ ಗುಂಡಿಗಳ ಮೇಲಿನ ಕಲ್ಲುಗಳಲ್ಲಿ ಹೆಸರಿಲ್ಲ, ಇಸವಿ ಮಾತ್ರ. ಬಂದವರು ಹೂವಿನ ಜೊತೆ ಕೆಲವೊಮ್ಮೆ ಬ್ರೆಡ್ಡಿನ ತುಂಡನ್ನೂ ಇಟ್ಟು ಹೋಗುತ್ತಾರೆ.