ಹೇಗೆ ತಿಳಿಯಿತು ಎಂದು ಕೇಳುವ ಕನ್ನಡ

(ದೆಹಲಿಯ ಕನ್ನಡಿಗರ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ವಿಜ್ಞಾನದ ಸುದ್ದಿಯನ್ನು ಜನಸಾಮಾನ್ಯರು ಹೇಗೆ ಚರ್ಚಿಸಬೇಕು ಎಂಬ ಪ್ರಶ್ನೆಯನ್ನು ಇಂದಿನ ಗೋಷ್ಠಿಗೆ ಆರಿಸಿಕೊಂಡದ್ದಕ್ಕಾಗಿ ಸಂಘವನ್ನು ಅಭಿನಂದಿಸುತ್ತೇನೆ. ಇದನ್ನು ಕೇವಲ ತತ್ತ್ವದ ಮಟ್ಟದಲ್ಲಿ ವಿವೇಚಿಸುವುದಕ್ಕಿಂತ, ಈಚಿನ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ಮಾತನಾಡುವುದು ಒಳಿತೆಂದು ನನಗೆ ತೋರುತ್ತದೆ. ಆ ಪ್ರಸಂಗದಲ್ಲಿ ನಾವು ನೆಲೆಸಿರುವ ಈ ನಗರಕ್ಕೂ ಒಂದು ಪಾತ್ರವಿದೆ.

2023ರ ಜುಲೈ 22ರಂದು ದಕ್ಷಿಣ ಕೊರಿಯಾದ ಕೆಲವು ಸಂಶೋಧಕರು, ಇತರ ತಜ್ಞರ ಪರಿಶೀಲನೆಗೆ ಒಳಪಡುವ ಮೊದಲೇ, ತಮ್ಮ ಪ್ರಬಂಧವನ್ನು ಬಹಿರಂಗಪಡಿಸಿದರು. ಸೀಸ, ತಾಮ್ರ, ರಂಜಕ ಹಾಗೂ ಆಮ್ಲಜನಕಗಳಿಂದಾದ ಎಲ್‌ಕೆ-99 ಎಂಬ ವಸ್ತುವು ಸಾಧಾರಣ ಒತ್ತಡದಲ್ಲಿ, ನೀರು ಕುದಿಯುವ ಉಷ್ಣತೆಯನ್ನು ದಾಟಿದ ಮೇಲೂ ಅತಿವಾಹಕವಾಗಿರುತ್ತದೆ ಎಂಬುದು ಅವರ ವಾದವಾಗಿತ್ತು.

ಅತಿವಾಹಕವೆಂದರೆ ಕಿಂಚಿತ್ತೂ ರೋಧವಿಲ್ಲದೆ ವಿದ್ಯುತ್ತನ್ನು ಹರಿಯಗೊಡುವ ವಸ್ತು. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಈ ಗುಣವನ್ನು ಪಾದರಸದಲ್ಲಿ ಕಂಡದ್ದು ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ಘೋರ ಶೈತ್ಯದಲ್ಲಿ. 1987ರ ವೇಳೆಗೆ ಅದು ಸುಮಾರು ಮೈನಸ್ 180 ಡಿಗ್ರಿಗೆ ಏರಿತು. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಲ್ಲಿನ ಅತಿವಾಹಕ ಸುರುಳಿಗಳಿಗೆ ಇಂದಿಗೂ ದ್ರವ ಹೀಲಿಯಂನ ತಂಪು ಬೇಕು. ಕೋಣೆಯ ಉಷ್ಣತೆಯಲ್ಲೇ ಈ ಗುಣ ದೊರೆಯುವುದಾದರೆ ವಿದ್ಯುತ್ ಸಾಗಣೆಯಿಂದ ವೈದ್ಯಕೀಯದವರೆಗೆ ಬಹಳಷ್ಟು ಬದಲಾಗಬಹುದು. ಆದ್ದರಿಂದಲೇ ಲೋಕವೆಲ್ಲ ಕಿವಿ ನಿಮಿರಿಸಿತು. ಅಯಸ್ಕಾಂತದ ಮೇಲೆ ಒಂದು ಅಂಚನ್ನು ಊರಿ, ಇನ್ನೊಂದು ಅಂಚನ್ನು ಗಾಳಿಯಲ್ಲಿ ಎತ್ತಿ ನಿಂತ ಕಪ್ಪು ಚೂರೊಂದರ ಚಲಚ್ಚಿತ್ರವನ್ನು ತಮ್ಮಲ್ಲಿ ಹಲವರು ನೋಡಿರಬಹುದು.

ಆ ದಿನಗಳಲ್ಲಿ ನಮ್ಮ ಬಡಾವಣೆಯ ನಿವೃತ್ತ ಮಿತ್ರರೊಬ್ಬರು ಬೆಳಗಿನ ವಾಯುಸಂಚಾರದ ನಡುವೆ ನನ್ನನ್ನು ತಡೆದು, "ನಿಜವೋ ಸುಳ್ಳೋ, ಅಷ್ಟು ಹೇಳಿಬಿಡಿ ಸ್ವಾಮಿ" ಎಂದರು. ಎಲ್ಲೆಡೆ ನಡೆದ ಚರ್ಚೆಯ ಸ್ವರೂಪವೂ ಬಹುಮಟ್ಟಿಗೆ ಇದೇ. ಒಂದು ಪಕ್ಷ ಹೊಸ ಯುಗಕ್ಕೆ ಸ್ವಾಗತ ಕೋರುತ್ತಿತ್ತು, ಇನ್ನೊಂದು ಪಕ್ಷ ಮೋಸವೆಂದು ನಗುತ್ತಿತ್ತು. ಸಾಕ್ಷ್ಯಕ್ಕೆ ಮುಂಚೆಯೇ ತೀರ್ಪನ್ನು ಬಯಸಿದ್ದು ಇಬ್ಬರಿಗೂ ಸಮಾನವಾದ ದೋಷ.

ಆದರೆ ಪ್ರಯೋಗಶಾಲೆಗಳಲ್ಲಿ ನಡೆದದ್ದು ಬೇರೆಯೇ ಬಗೆಯ ಚರ್ಚೆ. ಬೇಕಾದ ಸಾಮಗ್ರಿ ಸುಲಭವಾಗಿ ಸಿಗುವಂಥದು, ತಯಾರಿಕೆಯ ಕ್ರಮವೂ ಪ್ರಕಟವಾಗಿತ್ತು. ಆದ್ದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದಾಗಿತ್ತು. ನಮ್ಮ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ತಂಡವು ಆ ವಸ್ತುವನ್ನು ತಯಾರಿಸಿ, ಜುಲೈ ಮುಗಿಯುವಷ್ಟರಲ್ಲೇ, ತಮ್ಮ ಮಾದರಿಯಲ್ಲಿ ಅತಿವಾಹಕತೆ ಕಾಣಲಿಲ್ಲವೆಂದು ತಿಳಿಸಿತು. ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ತಂಡವು, ಅರೆಬರೆ ಎದ್ದು ನಿಲ್ಲುವುದಕ್ಕೆ ಕಬ್ಬಿಣದಂಥ ವಸ್ತುಗಳಲ್ಲಿರುವ ಕಾಂತಗುಣವೇ ಸಾಕು, ಅತಿವಾಹಕತೆ ಬೇಕಿಲ್ಲ ಎಂದು ತೋರಿಸಿತು. ಹಾಗಿದ್ದರೆ ಸುಮಾರು 104 ಡಿಗ್ರಿಯಲ್ಲಿ ರೋಧವು ಥಟ್ಟನೆ ಕುಸಿದದ್ದೇಕೆ? ಅಮೆರಿಕದ ರಸಾಯನವಿಜ್ಞಾನಿಯೊಬ್ಬರಿಗೆ ಆ ಅಂಕಿ ಪರಿಚಿತವೆನಿಸಿತು. ತಯಾರಿಕೆಯ ವೇಳೆ ಉಳಿದುಬರುವ ತಾಮ್ರದ ಸಲ್ಫೈಡ್ ಎಂಬ ಕಲ್ಮಶವು ಸರಿಸುಮಾರು ಅದೇ ಉಷ್ಣತೆಯಲ್ಲಿ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆ. ಬೀಜಿಂಗ್‌ನ ಪ್ರಯೋಗವು ರೋಧದ ಕುಸಿತಕ್ಕೆ ಈ ಕಲ್ಮಶವೇ ಕಾರಣವೆಂಬುದನ್ನು ಎತ್ತಿಹಿಡಿಯಿತು. ಕೊನೆಗೆ ಆಗಸ್ಟ್ ಮಧ್ಯದ ವೇಳೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಗಂಧಕದ ಸೋಂಕಿಲ್ಲದ ಶುದ್ಧ ಸ್ಫಟಿಕಗಳನ್ನು ಬೆಳೆಸಿದರು. ಅವುಗಳ ರೋಧ ಲಕ್ಷಾಂತರ ಓಮ್‌ಗಳಷ್ಟಿತ್ತು. ಅತಿವಾಹಕದ ಮಾತಿರಲಿ, ಆ ಸ್ಫಟಿಕಗಳು ಸಾಧಾರಣ ವಾಹಕವೂ ಆಗಿರಲಿಲ್ಲ.

ಇದರಲ್ಲಿ ಜನಸಾಮಾನ್ಯರಿಗೆ ಎಟುಕದಂಥದ್ದು ಏನಿದೆ? ಪಾಯಸದ ಸಿಹಿ ಅಕ್ಕಿಯದೋ ಬೆಲ್ಲದ್ದೋ ಎಂಬ ಸಂಶಯ ಬಂದರೆ, ಬೆಲ್ಲ ಹಾಕದೆ ಒಮ್ಮೆ ಬೇಯಿಸಿ ನೋಡಬೇಕು. ಸ್ಟುಟ್‌ಗಾರ್ಟ್‌ನಲ್ಲಿ ಮಾಡಿದ್ದು ಅಷ್ಟೇ. ಮೂರೂವರೆ ವಾರಗಳ ಈ ವಿಚಾರಣೆಯು "ಸುಳ್ಳು" ಎಂಬ ಒಂದು ಪದಕ್ಕಿಂತ ಎಷ್ಟೋ ಹಿರಿದಾದುದು. ನಮ್ಮ ಮಿತ್ರರಿಗೆ ಆ ಒಂದು ಪದವನ್ನಷ್ಟೇ ಕೊಟ್ಟು ಕಳುಹಿಸಿದರೆ, ಮುಂದಿನ ಸುದ್ದಿ ಬಂದಾಗ ಅವರು ಮತ್ತೆ ಇನ್ನೊಬ್ಬರ ಬಾಯನ್ನೇ ನೋಡಬೇಕಾಗುತ್ತದೆ.

ಪರದೇಶದ ಸುದ್ದಿಯ ಬಗ್ಗೆ ಹೀಗೆ ಸಂಶಯಪಡುವುದು ಸುಲಭ. ಸುದ್ದಿ ನಮ್ಮ ನಾಡಿನದಾದಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. 2018ರ ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು, ಚಿನ್ನ ಮತ್ತು ಬೆಳ್ಳಿಯ ಅತಿಸೂಕ್ಷ್ಮ ಕಣಗಳ ರಚನೆಯೊಂದರಲ್ಲಿ, ಸುಮಾರು ಮೈನಸ್ 37 ಡಿಗ್ರಿಯಲ್ಲಿ ಅತಿವಾಹಕತೆಯ ಕುರುಹು ಕಂಡಿತೆಂದು ವರದಿ ಮಾಡಿದರು. ಯಾವ ಅಳತೆಯಲ್ಲೂ ಸಣ್ಣಪುಟ್ಟ ಅಂಕುಡೊಂಕು ಇದ್ದೇ ಇರುತ್ತದೆ, ಮತ್ತು ಅದು ಪ್ರತಿ ಸಲವೂ ಬೇರೆಯಾಗಿರುತ್ತದೆ. ಆ ಪ್ರಬಂಧದಲ್ಲಿ ಬೇರೆಬೇರೆ ಸಂದರ್ಭದ ಎರಡು ಅಳತೆಗಳಲ್ಲಿ ಒಂದೇ ಅಂಕುಡೊಂಕು ಹೇಗೆ ಬಂತೆಂದು ಅಮೆರಿಕದ ಭೌತವಿಜ್ಞಾನಿ ಬ್ರಯನ್ ಸ್ಕಿನ್ನರ್ ಕೇಳಿದರು. ಅದು ಆರೋಪವಲ್ಲ, ಪ್ರಶ್ನೆ. 2019ರಲ್ಲಿ ಬೆಂಗಳೂರಿನ ತಂಡವು ಹೆಚ್ಚಿನ ವಿವರಗಳೊಂದಿಗೆ ತನ್ನ ವಾದವನ್ನು ಮತ್ತೆ ಮಂಡಿಸಿತು. ಆದರೂ ಅದಕ್ಕೆ ವಿದ್ವತ್ಸಮೂಹದ ಸಾಮಾನ್ಯ ಮನ್ನಣೆ ದೊರೆತಿಲ್ಲ.

ಹೊರನಾಡಿನಲ್ಲಿರುವ ನಮಗೆ ಬೆಂಗಳೂರಿನ ಹೆಸರು ಕೇಳಿದೊಡನೆ ಎದೆ ಉಬ್ಬುವುದು ಸಹಜ. ಆದರೆ ಅಭಿಮಾನವು ಪುರಾವೆಯ ಸ್ಥಾನವನ್ನು ತುಂಬಲಾರದು. ನಮ್ಮವರನ್ನು ಪ್ರಶ್ನಿಸಿದವರು ನಮ್ಮ ವಿರೋಧಿಗಳೆಂದು ತಿಳಿಯುವ ಸಮಾಜದಲ್ಲಿ ವಿಜ್ಞಾನವು ಬರಿಯ ಮೆರವಣಿಗೆಯಾಗಿ ಉಳಿಯುತ್ತದೆ.

ಈ ಪ್ರಶ್ನಿಸುವ ಮನೋಧರ್ಮ ಕನ್ನಡಕ್ಕೆ ಹೊಸದೇನಲ್ಲ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು "ವಿಜ್ಞಾನ" ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದವರಲ್ಲಿ ಒಬ್ಬರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ, ಎಷ್ಟು ವಿರೋಧ ಬಂದರೂ ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಅದೇ ವರ್ಷದ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದನ್ನು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಆ ಕರ್ತವ್ಯವನ್ನು ಇಂಗ್ಲಿಷಿನಲ್ಲಿ ಮಾತ್ರ ಪಾಲಿಸಬೇಕೆಂದು ಸಂವಿಧಾನ ಎಲ್ಲಿಯೂ ಹೇಳಿಲ್ಲ.

ಬಂಧುಗಳೇ, ಈ ಸಭೆಯಲ್ಲಿ ಪ್ರಯೋಗಶಾಲೆಗಳಲ್ಲಿ ದುಡಿಯುವವರಿದ್ದೀರಿ, ಎಂಜಿನಿಯರುಗಳಿದ್ದೀರಿ, ವೈದ್ಯರಿದ್ದೀರಿ. ಹಗಲೆಲ್ಲ ಇಂಗ್ಲಿಷಿನಲ್ಲಿ ಸಂಶಯಪಟ್ಟು, ಅಳೆದು, ವಾದಿಸಿ, ಸಂಜೆ ಸಂಘಕ್ಕೆ ಬಂದೊಡನೆ ಕನ್ನಡವನ್ನು ಹಾಡಿಗೂ ಹಬ್ಬಕ್ಕೂ ಮೀಸಲಿಡುತ್ತೇವೆ. ಹಾಡು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಸಂಶಯವನ್ನು ಆಡಲಾರದ ಭಾಷೆಯು ಆಜ್ಞೆಯನ್ನು ಕೇಳುವ ಭಾಷೆಯಾಗಿಬಿಡುತ್ತದೆ. ನಾಳೆ ಒಂದು ಲಸಿಕೆಯ ಬಗ್ಗೆ, ಊರ ಪಕ್ಕದ ಸ್ಥಾವರದ ಬಗ್ಗೆ, ಸಾಲ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವ ಯಂತ್ರಬುದ್ಧಿಯ ಬಗ್ಗೆ ಸುದ್ದಿ ಬಂದಾಗ, ಕನ್ನಡವೊಂದನ್ನೇ ಬಲ್ಲ ರೈತನೂ ಗೃಹಿಣಿಯೂ ಯಾರನ್ನು, ಯಾವ ಮಾತುಗಳಲ್ಲಿ ಪ್ರಶ್ನಿಸಬೇಕು? ಆ ಮಾತುಗಳನ್ನು ಬಳಕೆಗೆ ತರುವ ಹೊಣೆ ಅವುಗಳ ಅರ್ಥವನ್ನು ಬಲ್ಲವರ ಮೇಲಿದೆ.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ. ನಮ್ಮ ತ್ರೈಮಾಸಿಕದ ಪ್ರತಿ ಸಂಚಿಕೆಯಲ್ಲೂ ಎರಡು ಪುಟಗಳನ್ನು ಒಂದು ವಿಜ್ಞಾನ ಸುದ್ದಿಗೆ ಮೀಸಲಿಡೋಣ. ಅಲ್ಲಿ ಮೂರೇ ಪ್ರಶ್ನೆಗಳಿಗೆ ಉತ್ತರವಿರಲಿ: ಏನನ್ನು ಅಳೆದರು? ಬೇರೆ ಯಾರು ಮತ್ತೆ ಮಾಡಿ ನೋಡಿದರು? ಇದೇ ಫಲಕ್ಕೆ ಬೇರೆ ಕಾರಣವಿರಬಹುದೇ? ತೀರ್ಪು ಇನ್ನೂ ಬಂದಿಲ್ಲವಾದರೆ, ಬಂದಿಲ್ಲವೆಂದೇ ಬರೆಯೋಣ. ಬರೆಯಬಲ್ಲವರು ಇದೇ ಸಭೆಯಲ್ಲಿದ್ದಾರೆ. ಮುಂದಿನ ಸಂಚಿಕೆಗೆ ಹೆಸರು ಕೊಡುವವರು ಗೋಷ್ಠಿ ಮುಗಿದೊಡನೆ ಸಂಪಾದಕರನ್ನು ಕಾಣಬೇಕೆಂದು ವಿನಂತಿಸುತ್ತೇನೆ.